ಅರವತ್ತು ಹುಡುಗಿಯರ ಅಂಕಿ

ಜಯನಗರ ಫೋರ್ತ್ ಬ್ಲಾಕಿನ ಹೂವಿನ ಅಂಗಡಿಯ ಮುಂದೆ ಮೊನ್ನೆ ದವನದ ವಾಸನೆ ಬಡಿಯಿತು. ನಿಂತುಬಿಟ್ಟೆ. ನಮಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತಿದ್ದ ಮೇಡಂ ದಿನವೂ ಜಡೆಗೆ ಒಂದಿಷ್ಟು ದವನ ಸಿಕ್ಕಿಸಿಕೊಂಡು ಬರುತ್ತಿದ್ದರು. ಅವರು ಕಾರಿಡಾರಿನಲ್ಲಿ ಇರುವಾಗಲೇ ನಮಗೆ ಗೊತ್ತಾಗಿಬಿಡುತ್ತಿತ್ತು...

ನಾನಾಗ ಜೆ.ಪಿ. ನಗರದ ಒಂದು ಖಾಸಗಿ ಕಾಲೇಜಿನಲ್ಲಿ ನ್ಯೂಟ್ರಿಷನ್ ಎಂ.ಎಸ್ಸಿ. ಓದುತ್ತಿದ್ದೆ. ಮೇಡಂ ಕೆಲಸ ಖಾಯಂ ಅಲ್ಲ, ವರ್ಷವರ್ಷಕ್ಕೆ ಕಾಂಟ್ರ್ಯಾಕ್ಟ್. ವಸಂತಪುರದಿಂದ ಎರಡು ಬಸ್ ಬದಲಿಸಿ ಬರುತ್ತಿದ್ದರು. ಲೆಕ್ಕಕ್ಕೆ ಹೆದರುವ ನಮಗಾಗಿ ಅಭ್ಯಾಸದ ಅಂಕಿಗಳನ್ನು ಅವರೇ ತಯಾರಿಸುತ್ತಿದ್ದರು. ಅದನ್ನು ನಮಗೂ ಕಲಿಸಿದರು. ಮನಸ್ಸಿಗೆ ಬಂದ ಅಂಕಿಗಳನ್ನು ಬರೆದು, ಒಂದೊಂದರಿಂದಲೂ ಸರಾಸರಿಯನ್ನು ಕಳೆಯಬೇಕು. ಅವುಗಳ ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ, ಅಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎನ್ನುವ ಅಳತೆಯಿಂದ, ಭಾಗಿಸಬೇಕು. ಆಮೇಲೆ ಬೇಕಾದ ಡೀವಿಯೇಷನ್‌ನಿಂದ ಗುಣಿಸಿ ಬೇಕಾದ ಸರಾಸರಿ ಕೂಡಿಸಿದರೆ ಮುಗಿಯಿತು. ಕೇಳಿದ ಅಳತೆಗೆ ಸರಿಯಾಗಿ ಅಂಕಿಗಳು ಬಂದು ಕೂರುತ್ತಿದ್ದವು.

"ಇದು ಪ್ರಾಕ್ಟೀಸಿಗೆ ಮಾತ್ರ ಕಣ್ರೇ. ಮೇಲ್ಗಡೆ ‘ಸುಳ್ಳು ಡೇಟಾ’ ಅಂತ ಬರೀದೆ ಯಾರೂ ಶೀಟ್ ಕೊಡೋ ಹಾಗಿಲ್ಲ" ಎನ್ನುತ್ತಿದ್ದರು.

ನನ್ನ ಥೀಸಿಸ್ ಗೊಟ್ಟಿಗೆರೆ ಕಡೆಯ ಒಂದು ಶಾಲೆಯ ಅರವತ್ತು ಹುಡುಗಿಯರ ಹಿಮೋಗ್ಲೋಬಿನ್ ಕುರಿತದ್ದು. ಇಪ್ಪತ್ತೆರಡು ಜನರ ರಕ್ತ ಪರೀಕ್ಷೆ ಆಗುವಷ್ಟರಲ್ಲಿ ಶಾಲೆಗೆ ರಜೆ ಬಂತು. ನನ್ನ ಗೈಡ್ ಆಗಲೇ ಅರವತ್ತೂ ಜನರ ಸರಾಸರಿ, ಡೀವಿಯೇಷನ್ ಬರೆದು ಒಂದು ಸಮ್ಮೇಳನಕ್ಕೆ ಕಳಿಸಿಬಿಟ್ಟಿದ್ದರು.

"ಅದಕ್ಕೆ ಮ್ಯಾಚ್ ಆಗೋ ಹಾಗೆ ಡೇಟಾ ರೆಡಿ ಮಾಡಮ್ಮ. ನಿಮ್ ಸ್ಟ್ಯಾಟ್ಸ್ ಮೇಡಂ ಹೇಳ್ಕೊಟ್ಟಿದಾರಲ್ಲ" ಎಂದರು.

ಮಾಡಿದೆ. ಮೇಡಂ ಕೊಟ್ಟಿದ್ದ ಎಕ್ಸೆಲ್ ಶೀಟಿನಲ್ಲೇ ಮಾಡಿದೆ. ‘ಸುಳ್ಳು ಡೇಟಾ’ ಎಂದಿದ್ದನ್ನು ಅಳಿಸಿದೆ. ಉಳಿದ ಮೂವತ್ತೆಂಟನ್ನು ಮನಸ್ಸಿಗೆ ಬಂದಂತೆ ಬರೆದು ಅರವತ್ತನ್ನೂ ಒಟ್ಟಿಗೆ ಸೂತ್ರಕ್ಕೆ ಹಾಕಿದ್ದರಿಂದ ನಿಜವಾಗಿ ರಕ್ತ ಕೊಟ್ಟವರ ಅಂಕಿಯೂ ಬದಲಾಯಿತು. ಹನ್ನೆರಡರ ಹತ್ತಿರ ಇರಬೇಕಾದಲ್ಲಿ ಒಬ್ಬ ಹುಡುಗಿಗೆ ಬರೀ ಆರೂವರೆ ಇತ್ತು. ಸೂಜಿ ಚುಚ್ಚುವಾಗ ಅಳದೆ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಪಟ್ಟಿಯಲ್ಲಿ ಅವಳು ಸಾಕಷ್ಟು ಚೇತರಿಸಿಕೊಂಡಿದ್ದಳು.

ಹೊರಗಿನ ಪರೀಕ್ಷಕರು ಲ್ಯಾಬ್ ಚೀಟಿಗಳನ್ನು ಕೇಳಿದಾಗ ಎಲ್ಲ ಬಯಲಾಯಿತು. ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ, ಮೇಜಿನ ಮೇಲೆ ಇಪ್ಪತ್ತೆರಡೇ ಚೀಟಿ. ಕಂಪ್ಯೂಟರಿನಲ್ಲಿ ಫೈಲು ತೆರೆದರೆ, ತಯಾರಿಸಿದವರು ಎಂಬಲ್ಲಿ ಮೇಡಂ ಹೆಸರು. "ಡೇಟಾ ಎಲ್ಲ ಅವ್ರೇ ನೋಡ್ಕೊಂಡಿದ್ದು ಸಾರ್" ಎಂದರು ಗೈಡ್, ನಿರಾಳವಾಗಿ. ಮೇಡಂ ನನ್ನ ಕಡೆ ತಿರುಗಿದರು.

"ನೀನೇ ಹೇಳಮ್ಮ."

ನಾನು ನೆಲ ನೋಡುತ್ತ ನಿಂತೆ.

ಮೇಡಂ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ನನಗೆ ಇಪ್ಪತ್ತೆರಡು ಜನರ ಮೇಲೇ ಥೀಸಿಸ್ ತಿದ್ದಿ ಕೊಡಲು ಅವಕಾಶ ಸಿಕ್ಕಿತು. ಗೈಡ್ ವಿಭಾಗದ ಮುಖ್ಯಸ್ಥರಾದರು. ಅವರ ಸನ್ಮಾನಕ್ಕೆ ಹಾರ ತಂದವಳು ನಾನೇ.

ಹೊರಡುವ ದಿನ ಮೇಡಂ ಮೆಟ್ಟಿಲ ಹತ್ತಿರ ಸಿಕ್ಕಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು... "ಆ ಚೀಟೀಲಿ ಆರೂವರೆ ಇತ್ತಲ್ಲ, ಆ ಮಗು ಮನೆಯವ್ರಿಗೆ ಹೇಳಿದ್ಯಾ?" ಎಂದರು.

"ಹೇಳಿದೀನಿ ಮೇಡಂ."

ಹೇಳಿರಲಿಲ್ಲ. ಮುಂದಿನ ವಾರ ಶಾಲೆಗೆ ಓಡಿದೆ. ಅವಳ ಅಪ್ಪ ಅಮ್ಮ ಕಟ್ಟಡ ಕೆಲಸದವರು. ಮಗಳನ್ನು ಶಾಲೆ ಬಿಡಿಸಿಕೊಂಡು ಬೇರೆಲ್ಲಿಗೋ ಹೋಗಿದ್ದರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ.

ಈಗ ಅರೆಕೆರೆಯ ಒಂದು ಕ್ಲಿನಿಕ್‌ನಲ್ಲಿ ಡಯಟಿಷಿಯನ್ ಆಗಿದ್ದೇನೆ. ಇಷ್ಟು ವರ್ಷ ಹೋಗದವಳು ಮೊನ್ನೆ ಆ ಹೂವಿನ ಅಂಗಡಿಯಿಂದ ನೇರ ವಸಂತಪುರಕ್ಕೆ ಹೋದೆ. ನೋಟ್ಸಿಗೆಂದು ಒಮ್ಮೆ ಹೋಗಿದ್ದ ಮನೆ ನೆನಪಿತ್ತು. ಮೇಡಂ ಅಕ್ಕ ಬಾಗಿಲು ತೆಗೆದರು.

"ಅವ್ಳು ಹೋಗಿ ಮೂರು ವರ್ಷ ಆಯ್ತಲ್ಲಮ್ಮ. ನೀವು ಸ್ಟೂಡೆಂಟಾ? ಬನ್ನಿ ಒಳಗೆ. ಒಬ್ರೂ ಬರ್ಲಿಲ್ಲ ಅಂತ ಆಗಾಗ ಅಂತಿದ್ಲು."

ಕಾಫಿ ಕೊಟ್ಟರು. ಎದುರಿಗೆ ಕೂತು ಕೇಳಿದರು: "ಆ ಕಾಲೇಜು ಯಾಕೆ ಬಿಟ್ಲು, ನಿಮಗೇನಾದ್ರೂ ಗೊತ್ತಾ? ಕೊನೇವರೆಗೂ ನಮಗೆ ಹೇಳ್ಲೇ ಇಲ್ಲ."

"ಇಲ್ಲ ಆಂಟಿ, ಗೊತ್ತಿಲ್ಲ" ಎಂದೆ.