ಮಸ್ಕಿಯಲ್ಲಿ ಐದು ನಿಮಿಷ

ನನ್ನ ಮಗಳ ಬೇಸಿಗೆ ರಜೆಗಳನ್ನು ನಾನು ನೋಡಿದ್ದೆಲ್ಲ ಬಸ್ಸಿನಲ್ಲಿ ಕೂತು. ಹೀಗೆಂದರೆ ಜನ ನಗುತ್ತಾರೆ. ನಗಲಿ, ನನ್ನ ಗಂಟೇನು ಹೋಗುತ್ತದೆ.

ರೈಸ್ ಮಿಲ್ಲುಗಳಲ್ಲಿ ಅಕ್ಕಿಯೊಳಗಿನ ಕಪ್ಪು ಕಾಳು ಆರಿಸಿ ಹೊರಗೆ ಉಗುಳುವ ಯಂತ್ರವೊಂದು ಇರುತ್ತದೆ. ಅದು ಕೆಟ್ಟರೆ ರಿಪೇರಿ ಮಾಡುವವನು ನಾನು. ಮನೆ ಲಿಂಗಸುಗೂರಿನಲ್ಲಿ, ಕೆಲಸವೆಲ್ಲ ಸಿಂಧನೂರಿನ ಸುತ್ತ. ಎರಡನೇ ಬೆಳೆಯ ಭತ್ತ ಕೊಯ್ಲಾಗಿ ಮಿಲ್ಲಿಗೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಶಾಲೆಗೆ ರಜೆ ಬಿಡುವುದೂ ಆಗಲೇ. ದಸರಾ ರಜೆಯಲ್ಲಾದರೂ ಬಿಡುವು ಇದೆಯೇ ಎಂದರೆ, ಮೊದಲ ಬೆಳೆ ಬರುವ ಮುಂಚೆ ಅದೇ ಯಂತ್ರಗಳ ಹೊಟ್ಟೆ ಬಿಚ್ಚಿ ಸಾಫ್ ಮಾಡಬೇಕು. ಶಾಲೆಯವರೂ ಕಾಲುವೆಗೆ ನೀರು ಬಿಡುವವರೂ ಕೂತು ಮಾತಾಡಿಕೊಂಡೇ ನನಗೆ ಹೀಗೆ ಮಾಡಿದ್ದಾರೆ ಎಂದು ಎಷ್ಟೋ ವರ್ಷ ನಿಜವಾಗಿಯೂ ಸಿಟ್ಟಾಗಿದ್ದೆ.

ರಜೆ ಬಿಟ್ಟ ಮರುದಿನವೇ ಹೆಂಡತಿ ಮಗಳನ್ನು ಕರಕೊಂಡು ಮಸ್ಕಿಯ ತವರಿಗೆ ಹೋಗುತ್ತಿದ್ದಳು. ನಾನು ಸಿಂಧನೂರಿನಲ್ಲಿ ಕೋಣೆ ಹಿಡಿದು ಇರುತ್ತಿದ್ದೆ. ಬಿಡಿಭಾಗಗಳ ಗೋದಾಮು ಇರುವುದು ಲಿಂಗಸುಗೂರಿನಲ್ಲಿ. ವಾರಕ್ಕೆರಡು ಸಲ ಬೆಳಗಿನ ಬಸ್ಸಿಗೆ ಹೋಗಿ, ಸಾಮಾನು ತಗೊಂಡು, ಮಧ್ಯಾಹ್ನವೇ ತಿರುಗಿ ಬರಬೇಕು. ಇತ್ತ ಮಿಲ್ಲು ನಿಂತಿರುತ್ತದೆ, ಮಾಲಕರು ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿರುತ್ತಾರೆ. ಮಸ್ಕಿ ದಾರಿಯ ನಡುವೆ ಬರುತ್ತದೆ. ಅಲ್ಲಿ ಬಸ್ಸು ಐದು ನಿಮಿಷ ನಿಲ್ಲುತ್ತದೆ. ಆ ಐದು ನಿಮಿಷವೇ ನಮ್ಮ ರಜೆ.

ಸಿಂಧನೂರು ಬಿಟ್ಟ ಕೂಡಲೇ ಫೋನ್ ಮಾಡುತ್ತಿದ್ದೆ. ಮಗಳು ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಸಿಕೊಂಡು ಅಜ್ಜಿಯ ಜೊತೆ ಬಂದು ನಿಂತಿರುತ್ತಿದ್ದಳು. ಬಸ್ಸು ಹತ್ತಿ ನನ್ನ ಬಾಜು ಕೂತು ಉಸಿರು ಬಿಡದೆ ಮಾತಾಡುತ್ತಿದ್ದಳು. ಮೊದಮೊದಲು ಹೇಳಬೇಕಾದದ್ದು ಮರೆತುಹೋಗಿ ಅಳುತ್ತ ಇಳಿದದ್ದೂ ಉಂಟು. ಆಮೇಲೆ ಜಾಣೆಯಾದಳು. ಚೀಟಿಯಲ್ಲಿ ಬರೆದುಕೊಂಡು ಬಂದು ಓದತೊಡಗಿದಳು. ನಾಯಿ ಮರಿ ಹಾಕ್ಯಾದ. ನನ್ನ ಹಲ್ಲು ಬಿದ್ದಾದ. ಅಜ್ಜಿ ಇಸ್ಪೀಟ್ ಎಲಿ ಆಟದಾಗ ಮೋಸ ಮಾಡ್ತಾಳ. ಕಂಡಕ್ಟರ್ ಸೀಟಿ ಊದಿದರೆ, "ಇನ್ನ ಎರಡು ಅದಾವ ರೀ, ತಡೀರಿ" ಎಂದು ಅವನನ್ನೇ ಗದರಿಸುತ್ತಿದ್ದಳು. ನಾನು ನಗುತ್ತಿದ್ದೆ. ಮಿಲ್ಲುಗಳಲ್ಲಿ ಇದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ನಾನು ಎಂಥ ಮೂರ್ಖ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆರನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವಳ ಚೀಟಿಯಲ್ಲಿ ಒಂದೇ ಸಾಲು ಇತ್ತು.

"ಅಪ್ಪ, ಒಂದ್ ದಿನ ಇಳಿ. ಗುಡ್ಡ ಹತ್ತೂಣು."

ಮಸ್ಕಿಯ ಗುಡ್ಡ ಊರಿಗೆ ಅಂಟಿಕೊಂಡೇ ಇದೆ. ಊಟಿ ಕೇಳಲಿಲ್ಲ, ಸಮುದ್ರ ಕೇಳಲಿಲ್ಲ, ಆ ಗುಡ್ಡ ಕೇಳಿದಳು. ಗುರುವಾರ ಇಳಿಯುತ್ತೇನೆ, ಇಡೀ ದಿನ ಇರುತ್ತೇನೆ ಎಂದು ಮಾತು ಕೊಟ್ಟೆ.

ಬುಧವಾರ ಸಾಲಗುಂದದ ಕಡೆ ಒಂದು ಯಂತ್ರ ಕೈಕೊಟ್ಟಿತು. ಸರಿಹೋಗುವಷ್ಟರಲ್ಲಿ ಬೆಳಗಾಗಿತ್ತು. ಮುಖಕ್ಕೆ ನೀರು ಹಾಕಿಕೊಂಡು ಸಿಂಧನೂರಿಗೆ ಬಂದು ಬಸ್ಸು ಹತ್ತಿದೆ, ಮಗಳಿಗೆ ಫೋನ್ ಮಾಡಿದೆ. ಕಂಡಕ್ಟರ್ ಬಂದಾಗ ಬಾಯಿ ರೂಢಿಯಂತೆ "ಲಿಂಗಸುಗೂರು" ಎಂದಿತು. ಟಿಕೆಟ್ ನೋಡಿಕೊಳ್ಳಲೂ ಇಲ್ಲ, ಕಿಸೆಗೆ ಹಾಕಿ ಕಣ್ಣು ಮುಚ್ಚಿದೆ. ಟಿಕೆಟ್ ಲಿಂಗಸುಗೂರಿನದು, ಮಸ್ಕಿಯಲ್ಲಿ ನನ್ನನ್ನು ಯಾರು ಎಬ್ಬಿಸಬೇಕು?

ಕಣ್ಣು ಬಿಟ್ಟಾಗ ಲಿಂಗಸುಗೂರು ಬಸ್ ನಿಲ್ದಾಣ. ಮೈಯೆಲ್ಲ ಉರಿಯಿತು. ಆ ಉರಿಯನ್ನು ತೀರಿಸಿಕೊಂಡದ್ದು ಫೋನಿನಲ್ಲಿ, ಮಗಳ ಮೇಲೆ.

"ಯಾಕ ಬರಲಿಲ್ಲ ನೀ ಸ್ಟ್ಯಾಂಡಿಗೆ? ಕಾಯ್ತೀನಿ ಅಂದಿದ್ದಿಯಲ್ಲ?"

"ಬಂದಿದ್ದೆಪ್ಪ. ಬಸ್ಸಿನ್ಯಾಗ ಹತ್ತಿ ನಿನ್ನ ಬಾಜೂಕ ಕೂತಿದ್ದೆ. ನೀ ಮಲ್ಕೊಂಡಿದ್ದಿ."

"ಎಬ್ಬಿಸಬೇಕಿತ್ತಲ್ಲ ಯವ್ವಾ?"

"ಭಾಳ ನಿದ್ದಿ ಬಂದಿತ್ತು ನಿನಗ. ಸೀಟಿ ಊದಿದ್ರು, ಇಳಿದೆ."

ಹನ್ನೆರಡು ವರ್ಷದ ಹುಡುಗಿ. ತನ್ನ ರಜೆಗಿಂತ ಅಪ್ಪನ ನಿದ್ದೆ ದೊಡ್ಡದು ಎಂದು ಅವಳಿಗೆ ಯಾರು ಕಲಿಸಿದರು? ನಾನೇ ಕಲಿಸಿದ್ದೆ, ವಾರಕ್ಕೆರಡು ಸಲ.

ಈ ಕತೆ ಕೇಳಿದವರೆಲ್ಲ ನಿದ್ದೆಯನ್ನು ಕ್ಷಮಿಸುತ್ತಾರೆ. ನಾನೂ ಕ್ಷಮಿಸಿದ್ದೇನೆ. ಆದರೆ ಆ ಹೊತ್ತಿಗೆ ಮಸ್ಕಿಯ ಕಡೆ ಹೋಗುವ ಬಸ್ಸು ನನ್ನ ಎದುರಿಗೇ ನಿಂತಿತ್ತು. ಹತ್ತಿದ್ದರೆ ಒಂದು ಗಂಟೆಯೊಳಗೆ ಅವಳ ಮುಂದೆ ಇರುತ್ತಿದ್ದೆ. ಹತ್ತಲಿಲ್ಲ. ಹೇಗೂ ಬಂದಿದ್ದೇನೆ, ಗೋದಾಮಿನಿಂದ ಸಾಮಾನು ತಗೊಂಡೇ ಹೋದರೆ ಶುಕ್ರವಾರದ ತಿರುಗಾಟ ತಪ್ಪುತ್ತದೆ ಎಂದುಕೊಂಡೆ. ಗೋದಾಮಿನಲ್ಲೇ ಮಧ್ಯಾಹ್ನವಾಯಿತು. ಸಿಂಧನೂರಿನ ಮಿಲ್ ಮಾಲಕರೊಬ್ಬರು ಕಾರಿನಲ್ಲಿ ಬಂದಿದ್ದರು, "ಬರ್ರಿ, ಹಂಗ ನಮ್ಮ ಮಿಷಿನ್ನೂ ನೋಡಿಬಿಡ್ರಿ" ಎಂದರು. ಮಸ್ಕಿ ಬಂತು. ಮಗಳ ಜೊತೆ ಗುಡ್ಡ ಹತ್ತಬೇಕು, ಇಳಿಸಿರಿ ಎಂದು ಹೇಳಲು ನಾಚಿಕೆಯಾಯಿತು. ಮಸ್ಕಿ ಹೋಯಿತು.

ಮುಂದಿನ ವಾರವೂ ಅವಳು ರೊಟ್ಟಿ ತಂದಳು. ಚೀಟಿ ಇರಲಿಲ್ಲ. ಏನೇನಾತು ಎಂದರೆ "ಏನಿಲ್ಲಪ್ಪ" ಎಂದಳು. ಸೀಟಿ ಊದುವ ಮುಂಚೆಯೇ ಇಳಿದಳು. ಎರಡು ವರ್ಷದ ಮೇಲೆ ಬಸ್ ನಿಲ್ದಾಣಕ್ಕೆ ಬರುವುದೂ ನಿಂತಿತು. ದೊಡ್ಡವಳಾಗಿದ್ದಾಳೆ, ಸ್ಟ್ಯಾಂಡಿನಲ್ಲಿ ನಿಲ್ಲುವುದು ಬೇಡ ಎಂದು ಅಜ್ಜಿ ಅಂದಳಂತೆ. ಅಜ್ಜಿಯ ಮಾತು ನಿಜವೋ ಮಗಳ ನೆಪವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಈ ವರ್ಷ ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡಲಿಲ್ಲ. ಮಿಲ್ಲುಗಳು ಸುಮ್ಮನೆ ನಿಂತವು. ಸಿಂಧನೂರಿನಲ್ಲಿ ಎಲ್ಲರ ಮುಖ ಬಾಡಿತ್ತು, ನಾನೊಬ್ಬ ಒಳಗೊಳಗೇ ಹಿಗ್ಗಿದೆ. ಹದಿನೆಂಟು ವರ್ಷದ ನೌಕರಿಯಲ್ಲಿ ಮೊದಲ ಸಲ ಮೇ ತಿಂಗಳು ಪೂರ್ತಿ ನನ್ನದು. ಮಗಳು ಹತ್ತನೇ ತರಗತಿ ಮುಗಿಸಿ ಲಿಂಗಸುಗೂರಿನ ಮನೆಯಲ್ಲೇ ಇದ್ದಳು. ಜೂನಿನಲ್ಲಿ ಧಾರವಾಡದ ಹಾಸ್ಟೆಲಿಗೆ ಹೋಗುವವಳು. ಇದೇ ಕೊನೆಯ ರಜೆ ಎಂದು ನನಗೆ ಗೊತ್ತಿತ್ತು, ಮನೆಗೆ ಓಡಿಬಂದೆ.

ನಾನು ಒಳಗೆ ಬಂದರೆ ಅವಳು ಟಿವಿ ಆರಿಸಿ ಎದ್ದು ನಿಲ್ಲುತ್ತಿದ್ದಳು. "ಚಾ ಮಾಡ್ಲೇನಪ್ಪ?" ಎನ್ನುತ್ತಿದ್ದಳು. ಅವಳ ಗೆಳತಿಯರು ಬಾಗಿಲ ತನಕ ಬಂದು ನನ್ನನ್ನು ಕಂಡು ತಿರುಗಿ ಹೋಗುತ್ತಿದ್ದರು. ಎಲ್ಲಿಗಾದರೂ ಹೋಗೋಣ, ನೀ ಅಂದಲ್ಲಿಗೆ ಎಂದೆ. "ಬಿಸಲೈತಲ್ಲಪ್ಪ" ಎಂದಳು. ಒಂದು ಬಿರುಸು ಮಾತಿಲ್ಲ, ಮುಖ ತಿರುವಿದ್ದಿಲ್ಲ. ಜಗಳವಾಡಿದ್ದರೆ ಕಾಲು ಹಿಡಿದಾದರೂ ಸರಿಮಾಡಿಕೊಳ್ಳುತ್ತಿದ್ದೆ.

ಮೂರನೇ ದಿನ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ಅಡಿಗೆಮನೆಯಲ್ಲಿ ಅವಳು ತಾಯಿಯನ್ನು ಕೇಳಿದಳು.

"ಯವ್ವಾ, ಅಪ್ಪ ಯಾವಾಗ ಹೋಗ್ತಾನ?"

"ಹಂಗ್ಯಾಕ ಕೇಳ್ತಿ? ಇದು ಅವರ ಮನಿ ಅಲ್ಲೇನು?"

"ನನಗೇನ್ ಸಿಟ್ಟಿಲ್ಲಬೇ. ಅಪ್ಪ ಇದ್ರ ಏನ್ ಮಾತಾಡಬೇಕು ತಿಳಿಯಂಗಿಲ್ಲ. ಅದಕ್ಕ ಕೇಳಿದೆ."

ನಲ್ಲಿ ಬಂದ್ ಮಾಡುವುದನ್ನೂ ಮರೆತು ನಿಂತಿದ್ದೆ.

ಅಂದು ಊಟಕ್ಕೆ ಕೂತಾಗ, ಮಿಲ್ಲಿನಿಂದ ಫೋನ್ ಬಂದಿತ್ತು, ನಾಳೆ ಹೋಗಬೇಕು ಎಂದೆ. ಯಾವ ಫೋನೂ ಬಂದಿರಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ಮಗಳ ಮೈ ಹಗುರಾದದ್ದು ಎದ್ದು ಕಂಡಿತು, ಮುಚ್ಚಿಡಲು ಅವಳಿಗೆ ಬರಲಿಲ್ಲ. ತಾನೇ ಎದ್ದು ನನ್ನ ಬ್ಯಾಗು ತುಂಬಿದಳು. ಎರಡು ಅಂಗಿ, ಟವೆಲ್ಲು, ಟೆಸ್ಟರ್, ಹೊಟ್ಟೆಯುರಿಯ ಗುಳಿಗೆ, ಯಾವುದು ಎಲ್ಲಿದೆ ಎಂದು ಒಂದನ್ನೂ ಕೇಳಲಿಲ್ಲ. ತುಂಬುತ್ತ ತುಂಬುತ್ತ ಮಾತಾಡಿದಳು. ಹಾಸ್ಟೆಲಿನಲ್ಲಿ ಜೊತೆಗಿರುವ ಹುಡುಗಿಯರು, ಗಣಿತದ ಭಯ, ಅಲ್ಲಿಯ ಊಟ ಹೇಗೋ ಏನೋ ಎನ್ನುವ ಚಿಂತೆ. ಮೂರು ದಿನದಲ್ಲಿ ಅಷ್ಟು ಮಾತು ಅವಳ ಬಾಯಿಂದ ಬಂದಿರಲಿಲ್ಲ. ತಟ್ಟೆಯ ಮುಂದೆ ಕೂತು ಕೇಳುತ್ತಲೇ ಇದ್ದೆ. ಹೋಗುವುದಿಲ್ಲ, ಇಲ್ಲೇ ಇರುತ್ತೇನೆ ಎಂದರೆ ಈ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ.