ಕಿಟಕಿ ಎಣಿಸುವ ಅಲ್ದೋನಾ

ಪಾನೆವೆಜಿಸ್ ಊರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೈನಸ್ ಹದಿನಾಲ್ಕರ ಚಳಿ. ನಲವತ್ತು ಮನೆಗಳ ಕಟ್ಟಡದ ಅಂಗಳದಲ್ಲಿ ಅಲ್ದೋನಾ ಕತ್ತೆತ್ತಿ ನಿಂತು, ತೆರೆದ ಕಿಟಕಿಗಳನ್ನು ಬೆರಳು ಮಡಿಚಿ ಎಣಿಸುತ್ತಿದ್ದಾರೆ. ಇಂದು ಒಂಬತ್ತು. ಆರು ದಾಟಿದರೆ ಮನೆಗಳು ಅತಿಯಾಗಿ ಕಾದಿವೆ, ಇಡೀ ಕಟ್ಟಡದ ಬಿಸಿ ನಿಯಂತ್ರಿಸುವ ನೆಲಮಾಳಿಗೆಯ ಥರ್ಮೋಸ್ಟಾಟನ್ನು ಒಂದು ಡಿಗ್ರಿ ತಗ್ಗಿಸಬಹುದು ಎಂಬುದು ಅವರ ಲೆಕ್ಕ.

"ಸೆಕೆ ಆದ್ರೆ ಮನೆ ಕಾಯಿಸೋ ರೇಡಿಯೇಟರ್ ತಿರುಪು ತಿರುಗಿಸೋಕೆ ನಮ್ಮ ಜನಕ್ಕೆ ಸೋಮಾರಿತನ. ಕಿಟಕಿ ತೆಗೆದು ಬೀದೀನೇ ಬೆಚ್ಚಗೆ ಮಾಡ್ತಾರೆ," ಎಂದು ಅವರ ಬಗ್ಗೆ ಬರೆಯಲು ಬಂದ ನನ್ನತ್ತ ತಿರುಗಿ ನಗುತ್ತಾರೆ.

ಅಲ್ದೋನಾಗೆ ಐವತ್ತೊಂಬತ್ತು. ನೂಲಿನ ಕಾರ್ಖಾನೆ ಮುಚ್ಚಿದ ಮೇಲೆ ಹನ್ನೆರಡು ವರ್ಷಗಳಿಂದ ಇಲ್ಲಿ ಮೆಟ್ಟಿಲು ಗುಡಿಸುವುದು, ಹಿಮ ಎತ್ತುವುದು, ಬಿಸಿ ನೋಡಿಕೊಳ್ಳುವುದು ಇವರದೇ ಪಾಲು. ಮೂರು ಚಳಿಗಾಲಗಳಲ್ಲಿ ಕಟ್ಟಡ ಬಳಸುವ ಶಾಖ ಐದನೇ ಒಂದು ಭಾಗ ಇಳಿದಿದೆ. ಅದಕ್ಕೆ ಸಿಕ್ಕ ಬಹುಮಾನ 'ಚಳಿಯಕ್ಕ' ಎಂಬ ಅಡ್ಡಹೆಸರು.

ಹೋದ ಜನವರಿಯಲ್ಲಿ ಮಾತ್ರ ಲೆಕ್ಕ ತಪ್ಪಿತು. ನಾಲ್ಕನೇ ಮಹಡಿಯ ಮೂಲೆಮನೆ ಜೆನೋನಾಸ್ ಅಜ್ಜನದು. ಅವರ ಕಿಟಕಿ ದಿನವೂ ತೆರೆದಿರುತ್ತಿತ್ತು. ಅದನ್ನೂ ಎಣಿಸಿ ಅಲ್ದೋನಾ ಬಿಸಿ ತಗ್ಗಿಸುತ್ತಲೇ ಹೋದರು. ವಾರದ ನಂತರ ಬೀಟ್‌ರೂಟ್ ಸಾರು ಕೊಡಲು ಹೋದರೆ, ಅಜ್ಜ ಕೋಟು ಟೋಪಿ ತೊಟ್ಟು ಹಾಸಿಗೆಯಲ್ಲಿ ನಡುಗುತ್ತಿದ್ದರು. ಕಿಟಕಿ ತೆರೆಯುತ್ತಿದ್ದದ್ದು ಗುಬ್ಬಿಗಳಿಗೆ ಬ್ರೆಡ್ಡಿನ ಚೂರು ಹಾಕಲು.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅಜ್ಜ ಅಂದರಂತೆ: "ಎಲ್ರೂ ಉಳಿಸ್ತಿದ್ದಾರಲ್ಲಮ್ಮ, ನಾನೊಬ್ಬ ಯಾಕೆ ಗೊಣಗಲಿ?"

"ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ," ಎನ್ನುತ್ತಾರೆ ಅಲ್ದೋನಾ. ಅಂದೇ ಅವರು ಅಜ್ಜನ ರೇಡಿಯೇಟರಿನಲ್ಲಿ ಬಿಸಿನೀರಿಗೆ ಅಡ್ಡವಾಗಿ ಸಿಕ್ಕಿಕೊಂಡಿದ್ದ ಗಾಳಿ ಹೊರಬಿಟ್ಟರು, ಕಿಟಕಿಯ ಸಂದುಗಳಿಗೆ ಹತ್ತಿ ತುರುಕಿದರು. ಈಗ ಥರ್ಮೋಸ್ಟಾಟ್ ಮುಟ್ಟುವ ಮೊದಲು ನಾಲ್ಕನೇ ಮಹಡಿ ಹತ್ತಿ ಬರುತ್ತಾರೆ.

ನಾನೂ ಏದುಸಿರು ಬಿಡುತ್ತ ಹಿಂದೆ ಹತ್ತುತ್ತೇನೆ. ಅಜ್ಜ ಎರಡು ಸ್ವೆಟರ್ ಹಾಕಿಕೊಂಡು ಬಾಗಿಲು ತೆರೆದು, ಮನೆ ಬೆಚ್ಚಗಿದೆ, ನೀನು ಹೋಗಮ್ಮ ಎನ್ನುತ್ತಾರೆ. ಅಲ್ದೋನಾ ಕೇಳಿಸಿಕೊಳ್ಳದೆ ಒಳಗೆ ಹೋಗಿ ಗೋಡೆಯ ಮೇಲಿನ ತಾಪಮಾಪಕ ನೋಡುತ್ತಾರೆ. ಹದಿನೇಳು ಡಿಗ್ರಿ. ಮನೆಯೊಳಗೆ ಅದು ಚಳಿಯೇ.

ಇಂದು ನೆಲಮಾಳಿಗೆಗೆ ಹೋಗುವುದಿಲ್ಲ. ಕಿಟಕಿ ತೆರೆದ ಮನೆಗಳ ಬಾಗಿಲು ಒಂದೊಂದಾಗಿ ತಟ್ಟಿ, ನಿಮ್ಮ ನಿಮ್ಮ ತಿರುಪು ನೀವೇ ಇಳಿಸಿಕೊಳ್ಳಿ ಎಂದು ಹೇಳುತ್ತಾರೆ. ಮೂರನೇ ಮನೆಯಾಕೆ ನಿದ್ದೆಗಣ್ಣಲ್ಲೇ ಬೈಯುತ್ತಾಳೆ. ಅಲ್ದೋನಾ ಬಗ್ಗುವವರಲ್ಲ.

ನಿಮಗೇನು ಬೇಕು ಎಂದು ಕೊನೆಗೆ ಕೇಳುತ್ತೇನೆ. ಹೊಸ ಯಂತ್ರ ಕೇಳಬಹುದೆಂದುಕೊಂಡಿದ್ದೆ.

"ಇವರೆಲ್ಲ ಬೈತಾರಲ್ಲ, ಹಾಗೆ ಅಜ್ಜನೂ ಒಂದ್ಸಲ ಫೋನ್ ಮಾಡಿ, ಚಳಿ ಆಗ್ತಿದೆ ಕಣೇ ಅಂತ ಬೈದುಬಿಡಲಿ," ಎನ್ನುತ್ತಾರೆ. "ಅಷ್ಟಾದ್ರೆ ಸಾಕು ನಂಗೆ."