ಪಾಸ್‌ಪೋರ್ಟಿಗೆ ಕಾದ ಬೇಸಿಗೆ

ಸಾಂಗ್ಲಿಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದಾಗ ಜರ್ಮನಿಯ ಒಂದು ಪ್ರಯೋಗಾಲಯ ನನ್ನನ್ನು ಬೇಸಿಗೆ ಸಂಶೋಧನೆಗೆ ಕರೆಯಿತು. ಕಾರ್ಖಾನೆಗಳಿಂದ ಹೊರಬೀಳುವ ಬಣ್ಣದ ನೀರನ್ನು ಸೋಸುವ ತೆಳುಪೊರೆಗಳ ಮೇಲೆ ಕೆಲಸ. ಎಷ್ಟೋ ಪ್ರಾಧ್ಯಾಪಕರಿಗೆ ಮೇಲ್ ಬರೆದು, ಉತ್ತರವಿಲ್ಲದೆ ಸೋತಿದ್ದ ನನಗೆ ಇವರೊಬ್ಬರು ಬಾ ಅಂದಿದ್ದರು. ಅಪ್ಪ ನಮ್ಮೂರು ಆರಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಹುಡುಗಿ ಜರ್ಮನಿಗೆ ಹೊಂಟಾಳ್ರಿ" ಎಂದು ಹೇಳಿಬಿಟ್ಟರು.

ಮುಂಬೈಗೆ ಹೋಗಿ ವೀಸಾಕ್ಕೆ ಪಾಸ್‌ಪೋರ್ಟ್ ಕೊಟ್ಟು ಬಂದೆ. ಆಮೇಲೆ ಸುದ್ದಿಯೇ ಇಲ್ಲ. ದಿನಾ ಕಾಲೇಜಿನಿಂದ ಬರುವಾಗ ಮಿರಜಿನಲ್ಲಿ ಇಳಿದು ಕೊರಿಯರ್ ಅಂಗಡಿಯಲ್ಲಿ ಕೇಳುತ್ತಿದ್ದೆ. ಕಡೆಕಡೆಗೆ ಅಂಗಡಿಯವನು ನನ್ನನ್ನು ಕಂಡ ಕೂಡಲೇ ತಲೆ ಅಲ್ಲಾಡಿಸುತ್ತಿದ್ದ. ವೀಸಾ ಕೇಂದ್ರಕ್ಕೆ ಫೋನ್ ಮಾಡಿದರೆ ಅದೇ ಸಂಗೀತ ಕೇಳಿಸಿ ಕಟ್ಟಾಗುತ್ತಿತ್ತು.

ಅಷ್ಟರಲ್ಲಿ ಪ್ರಾಧ್ಯಾಪಕರು ಬರೆದರು: ನನಗೆ ಕೆಲಸ ಕಲಿಸಬೇಕಾದ ವಿದ್ಯಾರ್ಥಿನಿ ರಜೆಗೆ ಹೋಗುತ್ತಾಳೆ, ಸೋಮವಾರದೊಳಗೆ ಬರುವುದು ಖಚಿತವಾಗದಿದ್ದರೆ ಜಾಗ ಬೇರೆಯವರಿಗೆ ಕೊಡಬೇಕಾಗುತ್ತದೆ.

ಕುಪವಾಡದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಕಾಕಾ ರಜೆ ಹಾಕಿದರು. "ನಡಿ, ಹೋಗಿ ಕೇಳೂಣು" ಅಂದರು. ಇಬ್ಬರೂ ಮಿರಜಿನಲ್ಲಿ ರೈಲು ಹತ್ತಿದೆವು. ಮುಂಬೈಯ ವೀಸಾ ಕೇಂದ್ರದ ಗೇಟಿನಲ್ಲಿ ಕಾವಲಿನವನು ಒಳಗೆ ಬಿಡಲಿಲ್ಲ. ಕಾಕಾ ಮರಾಠಿಯಲ್ಲಿ ಕೈಮುಗಿದು ಕೇಳಿಕೊಂಡರು. ಅವನು ಬೇಸರವಿಲ್ಲದೆ, ಎಲ್ಲರಿಗೂ ಹೇಳುವ ಹಾಗೆ, ಆನ್‌ಲೈನ್ ನೋಡಿ ಅಂದ. ನಾನು ಫುಟ್‌ಪಾತ್ ಮೇಲೆ ಕುಳಿತುಬಿಟ್ಟೆ. ಬಿಸಿಲಿನಲ್ಲಿ, ಹೋಗಿಬರುವವರ ನಡುವೆ, ಜೋರಾಗಿ ಅತ್ತೆ.

"ಏಳವ್ವಾ," ಅಂದರು ಕಾಕಾ. "ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡ್ರಿ ಕಾಕಾ."

ಕಾಕಾ ಪ್ಯಾಂಟು ಕೊಳೆಯಾಗುವುದನ್ನು ಲೆಕ್ಕಿಸದೆ ಪಕ್ಕದಲ್ಲೇ ಕೂತರು.

ಸೋಮವಾರ ಕಳೆಯಿತು. ಬರಲಾಗದು ಎಂದು ನಾನೇ ಬರೆದೆ. ನನ್ನ ಜಾಗಕ್ಕೆ ಬೇರೊಬ್ಬ ಹುಡುಗ ಬಂದ. ಅದೇ ವಾರ ಕೊರಿಯರ್ ಅಂಗಡಿಯವನು ತಾನೇ ಫೋನ್ ಮಾಡಿದ. ಲಕೋಟೆ ಒಡೆದರೆ ಪಾಸ್‌ಪೋರ್ಟಿನೊಳಗೆ ವೀಸಾ ಅಂಟಿತ್ತು, ನನ್ನ ಫೋಟೋ ಸಮೇತ. ಅಂಗಡಿಯ ಕಟ್ಟೆಯ ಮೇಲೆ ನಿಂತೇ ಪ್ರಾಧ್ಯಾಪಕರಿಗೆ ಬರೆದೆ: ವೀಸಾ ಬಂದಿದೆ, ಒಂದು ಮೂಲೆ ಕೊಟ್ಟರೂ ಸಾಕು, ಪಾತ್ರೆ ತೊಳೆಯಲೂ ಸಿದ್ಧ. ಅವರು ತುಂಬ ನೊಂದುಕೊಂಡೇ, ಆಗುವುದಿಲ್ಲ ಅಂದರು. ಮುಂದಿನ ಬೇಸಿಗೆಗೆ ಪ್ರಯತ್ನಿಸು ಎಂದು ಸೇರಿಸಿದ್ದರು. ಆದರೆ ಆ ಬೇಸಿಗೆ ಸಂಶೋಧನೆಯ ಅವಕಾಶ ಪದವಿ ಓದುತ್ತಿರುವವರಿಗೆ ಮಾತ್ರ. ಮುಂದಿನ ಬೇಸಿಗೆಗೆ ನನ್ನ ಪದವಿ ಮುಗಿದಿರುತ್ತಿತ್ತು.

ಮನೆಗೆ ಬಂದಾಗ ಅವ್ವ ಪಾಸ್‌ಪೋರ್ಟ್ ಕೈಗೆ ತೆಗೆದುಕೊಂಡು ವೀಸಾ ಮೇಲೆ ಬೆರಳಾಡಿಸಿದಳು. "ಆತಲ್ಲ? ಇನ್ನ ಯಾವಾಗ ಹೋಗೂದು?" ಎಂದು ಕೇಳಿದಳು. ನಾನು ಹೇಳಬೇಕಾಯಿತು. ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಅವಳಿಗೆ ಅರ್ಥವಾಗಲಿಲ್ಲ.